ಲೆಝೀರಿಯಾ ಯಾರ ಲೆಕ್ಕಕ್ಕೆ? ಪೋರ್ಚುಗಲ್‌ನ ನೆರೆಬಯಲು, ಹನ್ನೊಂದು ಪುರಸಭೆಗಳು, ಒಂದಕ್ಕೊಂದು ಕೂಡದ ನಕ್ಷೆಗಳು

ಲಿಸ್ಬನ್‌ನ ಹೊಸ ವಿಮಾನ ನಿಲ್ದಾಣ ಅಲ್ಕೊಶೆತ್‌ನಲ್ಲಿ ಬರುತ್ತದೆ ಎಂದು ಪೋರ್ಚುಗಲ್ ಸರ್ಕಾರ 2024ರ ಮೇ 14ರಂದು ಪ್ರಕಟಿಸಿತು. ನಕ್ಷೆ ಬಿಡಿಸಿ ನೋಡಿದರೆ ಆ ಜಾಗದ ಬಹುಪಾಲು ಇರುವುದು ಪಕ್ಕದ ಬೆನವೆಂತ ಪುರಸಭೆಯಲ್ಲಿ. ಬೆನವೆಂತ ಲಿಸ್ಬನ್ ಮಹಾನಗರ ಪ್ರದೇಶಕ್ಕೆ ಸೇರಿಲ್ಲ. ಅದು ಲೆಝೀರಿಯಾ ದು ತೇಜು (ತೇಜು ನದಿಯ ನೆರೆಬಯಲು ಎಂದರ್ಥ) ಎಂಬ ಉಪಪ್ರದೇಶದ ಭಾಗ. ಈ ಉಪಪ್ರದೇಶವನ್ನು 2002ರಿಂದ ದಕ್ಷಿಣದ ಅಲೆಂತೇಜು ಪ್ರದೇಶದ ಜತೆ ಎಣಿಸುತ್ತಿದ್ದರು. 2024ರ ಜನವರಿ 1ರಿಂದ ‘ಓಯೆಸ್ತ್ ಮತ್ತು ತೇಜು ಕಣಿವೆ’ ಎಂಬ ಹೊಸ ಪ್ರದೇಶದಲ್ಲಿ ಎಣಿಸುತ್ತಾರೆ. ಆದರೂ ಇಲ್ಲಿನ ರಸ್ತೆ, ಶಾಲೆ, ಚರಂಡಿಗೆ ಯುರೋಪಿನ ದುಡ್ಡು ಮಂಜೂರಾಗುವುದು ಇವತ್ತಿಗೂ ಅಲೆಂತೇಜುವಿನ ರಾಜಧಾನಿ ಎವೊರದಿಂದ.

ಇದನ್ನೆಲ್ಲ ಒಟ್ಟಿಗೆ ಓದಿ ತಲೆಬುಡ ತಿಳಿಯದಿದ್ದರೆ ಅದು ಓದುಗರ ತಪ್ಪಲ್ಲ. ಲೆಝೀರಿಯಾಕ್ಕೆ ಹಣದ ನಕ್ಷೆ ಒಂದು, ಭೂಯೋಜನೆಯ ನಕ್ಷೆ ಇನ್ನೊಂದು, ಮತದಾನದ್ದು ಮತ್ತೊಂದು, ನೀರಿನದು ಬೇರೆಯೇ. 2024ರ ಬದಲಾವಣೆ ಮೊದಲಿನ ಎರಡನ್ನು ಹತ್ತಿರ ತಂದಿದೆ. ನೀರಿನ ನಕ್ಷೆಯನ್ನು ಅದು ಮುಟ್ಟಿಲ್ಲ. ವಿಮಾನ ನಿಲ್ದಾಣವೋ, ಹಣದ ಲೆಕ್ಕವನ್ನೇ ಮತ್ತೆ ಬುಡಮೇಲು ಮಾಡುವ ಹಾಗಿದೆ.

ಬಯಲು ಮತ್ತು ಅದರ ಪುರಸಭೆಗಳು

ತೇಜು ನದಿಯನ್ನು ನಮ್ಮ ಭೂಗೋಳದ ಪುಸ್ತಕಗಳು ಟೇಗಸ್ ಎನ್ನುತ್ತವೆ. ಸುಮಾರು ಸಾವಿರ ಕಿಲೋಮೀಟರ್ ಉದ್ದದ ಈ ನದಿಯ ಜಲಾನಯನ ಪ್ರದೇಶದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸ್ಪೇನ್‌ನಲ್ಲಿದೆ. ಪೋರ್ಚುಗಲ್‌ನೊಳಗೆ ಬಂಡೆಗಳ ನಡುವಿನ ಕಿರಿದಾದ ಕಣಿವೆಯಿಂದ ಹೊರಬಂದ ಮೇಲೆ ನದಿ ಒಮ್ಮೆಲೇ ಅಗಲವಾಗುತ್ತದೆ. ಗೊಲೆಗದಿಂದ ಲಿಸ್ಬನ್‌ನ ಅಳಿವೆಯವರೆಗೆ ಎರಡೂ ದಡದಲ್ಲಿ ಮೆಕ್ಕಲು ಮಣ್ಣಿನ ಚಪ್ಪಟೆ ಬಯಲು. ಟೊಮೆಟೊ, ಮೆಕ್ಕೆಜೋಳ, ಭತ್ತ, ಕಲ್ಲಂಗಡಿ, ದ್ರಾಕ್ಷಿ, ಎತ್ತರದ ನೆಲದಲ್ಲಿ ಬಿರಡೆ ತೊಗಟೆಯ ಓಕ್ ಮರ, ಜತೆಗೆ ಕುದುರೆ ಮತ್ತು ಗೂಳಿ ಸಾಕಣೆ. ಪೋರ್ಚುಗಲ್‌ನ ಕಾರ್ಖಾನೆಗಳಿಗೆ ಹೋಗುವ ಟೊಮೆಟೊದ ದೊಡ್ಡ ಪಾಲು ಬೆಳೆಯುವುದು ಇಲ್ಲೇ.

ಉಪಪ್ರದೇಶದಲ್ಲಿ ಹನ್ನೊಂದು ಪುರಸಭೆಗಳಿವೆ: ಸಂತರೆಂ, ಅಲ್ಮೆಯ್ರಿಂ, ಅಲ್ಪಿಯಾರ್ಸ, ಅಝಂಬೂಜ, ಬೆನವೆಂತ, ಕರ್ತಾಶು, ಶಮೂಸ್ಕ, ಕೊರೂಶ್, ಗೊಲೆಗ, ರಿಯು ಮಾಯೊರ್, ಸಾಲ್ವತೆರ್ರ ದೆ ಮಾಗುಸ್. ಪುರಸಭೆ ಎಂದರೆ ಒಂದು ಊರು ಎಂದುಕೊಳ್ಳಬಾರದು. ಪೋರ್ಚುಗಲ್‌ನಲ್ಲಿ ಹಳ್ಳಿ, ಹೊಲ, ಕಾಡೆಲ್ಲ ಸೇರಿ ದೇಶದ ಇಡೀ ನೆಲ 308 ಪುರಸಭೆಗಳಲ್ಲಿ ಹಂಚಿಹೋಗಿದೆ. ಗಾತ್ರದಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರ, ಅಧಿಕಾರದಲ್ಲಿ ಅದಕ್ಕಿಂತ ಬಲ. ಈ ಹನ್ನೊಂದೂ ಸೇರಿ ಸುಮಾರು 4,275 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಜನ ಸುಮಾರು 2.36 ಲಕ್ಷ. ಸಂತರೆಂನಲ್ಲಿ ಇವುಗಳ ಒಕ್ಕೂಟದ ಕಚೇರಿ ಇದೆ.

ಗೆರೆಗಳ ಗೊಂದಲ ಶುರುವಾಗುವುದು ಈ ಪಟ್ಟಿಯಿಂದಲೇ. ರಿಯು ಮಾಯೊರ್ ಸುಣ್ಣಕಲ್ಲಿನ ಗುಡ್ಡದ ಬುಡದ ಊರು. ತೇಜುವಿನ ನೆರೆಗೂ ಅದಕ್ಕೂ ಸಂಬಂಧವಿಲ್ಲ. ಶಮೂಸ್ಕ ಮತ್ತು ಕೊರೂಶ್‌ನ ಬಹುಪಾಲು ಒಣನೆಲ, ಕಾಡು. ಇತ್ತ, ಹದಿಮೂರು ಸಾವಿರ ಹೆಕ್ಟೇರ್ ಆಸುಪಾಸಿನ, ಒಡ್ಡು ಕಟ್ಟಿ ಕಾಪಾಡಿಕೊಂಡ ‘ದೊಡ್ಡ ಲೆಝೀರಿಯಾ’ ಇರುವುದು ವಿಲ ಫ್ರಾಂಕ ದೆ ಶೀರ ಪುರಸಭೆಯಲ್ಲಿ. ಆ ಪುರಸಭೆ ಲಿಸ್ಬನ್ ಮಹಾನಗರಕ್ಕೆ ಸೇರಿದ್ದು. ಅಂದರೆ ಲೆಝೀರಿಯಾ ಎಂಬ ಉಪಪ್ರದೇಶದಲ್ಲಿ ಅತಿ ಹೆಸರಾದ ಲೆಝೀರಿಯಾವೇ ಇಲ್ಲ! ಅಝಂಬೂಜದ್ದು ಇನ್ನೊಂದು ಕಥೆ. ಪುರಸಭೆಗಳ ಒಕ್ಕೂಟದಲ್ಲಿ ಅದು ಲೆಝೀರಿಯಾ, ಜಿಲ್ಲೆ ಲೆಕ್ಕದಲ್ಲಿ ಲಿಸ್ಬನ್. ಸಂಸತ್ ಚುನಾವಣೆಯ ಕ್ಷೇತ್ರಗಳು ಇವತ್ತಿಗೂ ಜಿಲ್ಲೆವಾರು ಇರುವುದರಿಂದ ಅಲ್ಲಿನವರು ಲಿಸ್ಬನ್‌ನ ಅಭ್ಯರ್ಥಿಗಳಿಗೆ ಮತ ಹಾಕುತ್ತಾರೆ, ಉಳಿದ ಹತ್ತು ಪುರಸಭೆಯವರು ಸಂತರೆಂ ಜಿಲ್ಲೆಯವರಿಗೆ.

2002: ದುಡ್ಡಿಗಾಗಿ ಎಳೆದ ಗೆರೆ

ಯುರೋಪಿಯನ್ ಒಕ್ಕೂಟ ತನ್ನ ಸದಸ್ಯ ದೇಶಗಳನ್ನು ಅಂಕಿಅಂಶಕ್ಕಾಗಿ ಮೂರು ಹಂತದಲ್ಲಿ ವಿಂಗಡಿಸುತ್ತದೆ. ಇದಕ್ಕೆ ನಟ್ಸ್ ಎಂದು ಹೆಸರು. ಎರಡನೇ ಹಂತ, ಅಂದರೆ ‘ಪ್ರದೇಶ’, ಎಲ್ಲಕ್ಕಿಂತ ಮುಖ್ಯ. ಆ ಪ್ರದೇಶದ ತಲಾ ಒಟ್ಟು ಉತ್ಪನ್ನ ಯುರೋಪಿನ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ‘ಹಿಂದುಳಿದ’ ಪ್ರದೇಶ, 75ರಿಂದ 100ರೊಳಗೆ ಇದ್ದರೆ ‘ಪರಿವರ್ತನೆಯ’ ಪ್ರದೇಶ, 100 ದಾಟಿದರೆ ‘ಮುಂದುವರಿದ’ ಪ್ರದೇಶ. ಈಗಿನ 2021–27ರ ಅವಧಿಯ ನಿಯಮ ಇದು. ಅಭಿವೃದ್ಧಿ ನಿಧಿಯ ಹಂಚಿಕೆ ಈ ವರ್ಗದ ಮೇಲೆ ನಿಂತಿದೆ.

1989ರ ವಿಂಗಡಣೆಯಲ್ಲಿ ಲೆಝೀರಿಯಾ ಇದ್ದದ್ದು ‘ಲಿಸ್ಬನ್ ಮತ್ತು ತೇಜು ಕಣಿವೆ’ ಪ್ರದೇಶದಲ್ಲಿ. ರಾಜಧಾನಿಯ ಬ್ಯಾಂಕು, ಮುಖ್ಯ ಕಚೇರಿ, ಸಚಿವಾಲಯಗಳ ಆದಾಯವೆಲ್ಲ ಸೇರಿ ಪ್ರದೇಶದ ಸರಾಸರಿ ಶೇ 75ರ ಗೆರೆ ದಾಟಿತು. ಪರಿಣಾಮ: 2000–06ರ ಅವಧಿಯಲ್ಲಿ ಇಡೀ ಪ್ರದೇಶಕ್ಕೆ ನೆರವು ಹಂತಹಂತವಾಗಿ ಕಡಿತ. ಅಲ್ಪಿಯಾರ್ಸದ ಕಲ್ಲಂಗಡಿ ಬೆಳೆಗಾರನ ಊರೂ ಕಾಗದದ ಮೇಲೆ ಲಿಸ್ಬನ್‌ನಷ್ಟೇ ಸಿರಿವಂತ.

ಇದರಿಂದ ಪಾರಾಗಲು 2002ರಲ್ಲಿ ಗೆರೆಗಳನ್ನೇ ಬದಲಿಸಿದರು. ಲೆಝೀರಿಯಾವನ್ನು ಅಲೆಂತೇಜುವಿಗೆ, ಓಯೆಸ್ತ್ ಮತ್ತು ಮಧ್ಯ ತೇಜು ಉಪಪ್ರದೇಶಗಳನ್ನು ‘ಸೆಂತ್ರು’ ಪ್ರದೇಶಕ್ಕೆ ಸೇರಿಸಲಾಯಿತು. ದುಡ್ಡಿನ ಬಾಗಿಲು ಮತ್ತೆ ತೆರೆಯಿತು.

ಭೂಬಳಕೆ ಮತ್ತು ಪ್ರಾದೇಶಿಕ ಯೋಜನೆಯ ಅಧಿಕಾರ ಮಾತ್ರ ಲಿಸ್ಬನ್‌ನಲ್ಲಿರುವ ಹಳೆಯ ಪ್ರಾದೇಶಿಕ ಆಯೋಗದಲ್ಲೇ, ಸಿಸಿಡಿಆರ್ ಎಂದು ಕರೆಯುವ ಕಚೇರಿಯಲ್ಲೇ, ಉಳಿಯಿತು. ಎಷ್ಟರಮಟ್ಟಿಗೆ ಎಂದರೆ 2009ರಲ್ಲಿ ಆ ಆಯೋಗ ಸಿದ್ಧಪಡಿಸಿ ಸರ್ಕಾರ ಒಪ್ಪಿದ ಭೂಯೋಜನೆಯ ಹೆಸರೇ ‘ಓಯೆಸ್ತ್ ಮತ್ತು ತೇಜು ಕಣಿವೆ’. ಹಣದ ಲೆಕ್ಕದಲ್ಲಿ ಬೇರೆ ಬೇರೆ ಮನೆ ಸೇರಿದ್ದ ಮೂರು ಉಪಪ್ರದೇಶಗಳಿಗೆ ಯೋಜನೆ ಮಾತ್ರ ಒಂದೇ. ಒಂದು ಪುರಸಭೆ ಕೈಗಾರಿಕಾ ಬಡಾವಣೆ ಮಾಡಬೇಕೆಂದರೆ ಜಾಗದ ಒಪ್ಪಿಗೆಗೆ ಲಿಸ್ಬನ್, ದುಡ್ಡಿಗೆ ಎವೊರ. ಇಪ್ಪತ್ತು ವರ್ಷಕ್ಕೂ ಮೀರಿ ಹೀಗೇ ನಡೆಯಿತು.

ಶೇ 85 ಮತ್ತು ಶೇ 40ರ ನಡುವಿನ ಅಂತರ

ವರ್ಗ ಬದಲಾದರೆ ಪುರಸಭೆಗೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವೇ ಉತ್ತರ. ಹತ್ತು ಲಕ್ಷ ಯೂರೊದ ಒಂದು ಕಾಮಗಾರಿ ಇದೆ ಎನ್ನೋಣ. ಹಿಂದುಳಿದ ಪ್ರದೇಶದಲ್ಲಿ ಯುರೋಪಿಯನ್ ಒಕ್ಕೂಟದ ಪಾಲು ಶೇ 85ರವರೆಗೆ ಇರಬಹುದು. ಪುರಸಭೆ ಹುಡುಕಬೇಕಾದದ್ದು ಒಂದೂವರೆ ಲಕ್ಷ. ಪರಿವರ್ತನೆಯ ಪ್ರದೇಶದಲ್ಲಿ ಮಾಮೂಲು ಮಿತಿ ಶೇ 60; ಸ್ವಂತ ಪಾಲು ನಾಲ್ಕು ಲಕ್ಷ. ಮುಂದುವರಿದ ಪ್ರದೇಶದಲ್ಲಿ ಶೇ 40, ಆರು ಲಕ್ಷ. ಹಿಂದಿನ ಅವಧಿಯ ವರ್ಗದಿಂದ ಮೇಲೇರಿದವರಿಗೆ ಸ್ವಲ್ಪ ರಿಯಾಯಿತಿ ಉಂಟು. ಸುಮಾರು ಐದು ಸಾವಿರ ಜನರ ಗೊಲೆಗದಂಥ ಪುರಸಭೆಗೆ ಒಂದೂವರೆ ಲಕ್ಷ ಹೊಂದಿಸುವುದು ಸಾಧ್ಯ, ಆರು ಲಕ್ಷ ಕಷ್ಟ.

ಮಿತಿ ಒಂದನ್ನೇ ನೋಡಿದರೂ ಸಾಲದು. ಹಿಂದುಳಿದ ಪ್ರದೇಶಕ್ಕೆ ಒಟ್ಟು ಮೊತ್ತವೂ ಹೆಚ್ಚು, ದೊಡ್ಡ ಕೈಗಾರಿಕೆಗೆ ಸರ್ಕಾರಿ ಸಹಾಯಧನ ಕೊಡಲು ಅವಕಾಶವೂ ಹೆಚ್ಚು. ಲಿಸ್ಬನ್‌ನಿಂದ ಅರ್ಧ ಗಂಟೆ ದೂರದ ಅಝಂಬೂಜದಲ್ಲಿ 2006ರ ಕೊನೆಯಲ್ಲಿ ಓಪೆಲ್ ಕಾರು ಕಾರ್ಖಾನೆ ಮುಚ್ಚಿತು. ಆಮೇಲೆ ಬೆಳೆದದ್ದು ಹೆಚ್ಚಾಗಿ ಗೋದಾಮುಗಳು. ಹೂಡಿಕೆದಾರರ ಮುಂದೆ ಇಂಥ ಪುರಸಭೆಗಳಿಗೆ ಇರುವ ದೊಡ್ಡ ಆಕರ್ಷಣೆ ಎಂದರೆ ರಾಜಧಾನಿಯ ಹತ್ತಿರವಿದ್ದೂ ಹಿಂದುಳಿದ ಪ್ರದೇಶದ ದರದಲ್ಲಿ ಸಿಗುವ ನೆರವು. ಈ ಎರಡರಲ್ಲಿ ಒಂದು ತಪ್ಪಿದರೂ ಗಿರಾಕಿ ಬೇರೆಡೆ ನೋಡುತ್ತಾನೆ.

2024ರಲ್ಲಿ ಬದಲಾದದ್ದು, ಬದಲಾಗದೇ ಉಳಿದದ್ದು

ಓಯೆಸ್ತ್‌ನ 12, ಮಧ್ಯ ತೇಜುವಿನ 11, ಲೆಝೀರಿಯಾದ 11, ಹೀಗೆ 34 ಪುರಸಭೆಗಳು ಈಗ ಒಂದೇ ಪ್ರದೇಶ. ಜನ ಸುಮಾರು ಎಂಟು ಲಕ್ಷ ಚಿಲ್ಲರೆ. ಇದೇ ಬದಲಾವಣೆಯಲ್ಲಿ ಲಿಸ್ಬನ್ ಮಹಾನಗರವೂ ಎರಡಾಯಿತು. ನದಿಯ ದಕ್ಷಿಣದ ಸೆತೂಬಲ್ ಪರ್ಯಾಯದ್ವೀಪ ಪ್ರತ್ಯೇಕ ಪ್ರದೇಶ. ಅವರ ದೂರೂ ಇಂಥದ್ದೇ ಆಗಿತ್ತು: ಬಡತನ ನಮ್ಮದು, ಸರಾಸರಿ ಲಿಸ್ಬನ್‌ನದು.

ಅಂಕಿಅಂಶದಲ್ಲಿ ಇದು 2024ರಿಂದಲೇ ಜಾರಿ. ಆದರೆ 2021–27ರ ನಿಧಿ ಹಂಚಿಕೆ ಆಗಲೇ ಹಳೆಯ ಗೆರೆಗಳ ಮೇಲೆ ತೀರ್ಮಾನವಾಗಿತ್ತು. ಹಾಗಾಗಿ ಲೆಝೀರಿಯಾದ ಪುರಸಭೆಗಳು ‘ಅಲೆಂತೇಜು 2030’ ಕಾರ್ಯಕ್ರಮಕ್ಕೇ ಅರ್ಜಿ ಹಾಕುತ್ತವೆ. ಗೊಂದಲದ ಮೂಲ ಇಷ್ಟೇ: ಎಣಿಕೆಯ ಗೆರೆ ಬದಲಾಗಿದೆ, ಕೊಡುವ ಕೈ ಅವಧಿ ಮುಗಿಯುವ ತನಕ ಹಳೆಯದೇ.

ಹೊಸ ಪ್ರದೇಶಕ್ಕೆ ಚುನಾಯಿತ ಸರ್ಕಾರ ಇದೆ ಎಂದೂ ತಿಳಿಯಬಾರದು. ಪೋರ್ಚುಗಲ್‌ನ 1976ರ ಸಂವಿಧಾನ ಮುಖ್ಯಭೂಮಿಯಲ್ಲಿ ಆಡಳಿತ ಪ್ರದೇಶಗಳನ್ನು ರಚಿಸಲು ಹೇಳಿದೆ. 1998ರ ನವೆಂಬರ್ 8ರ ಜನಮತಗಣನೆಯಲ್ಲಿ ಮತದಾರರು ಅದನ್ನು ತಳ್ಳಿಹಾಕಿದರು. 2020ರಿಂದ ಸಿಸಿಡಿಆರ್ ಅಧ್ಯಕ್ಷರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರಾದರೂ ಅಂತಿಮವಾಗಿ ಅದು ಕೇಂದ್ರ ಸರ್ಕಾರದ ಅಂಗವೇ. ಪುರಸಭೆಗೂ ಲಿಸ್ಬನ್‌ಗೂ ನಡುವೆ ಮತ ಹಾಕಿ ಇಳಿಸಬಹುದಾದ ಯಾವ ಸರ್ಕಾರವೂ ಇಲ್ಲ.

ಪರ-ವಿರೋಧದ ವಾದಗಳಲ್ಲಿ ಎರಡೂ ಕಡೆ ಹುರುಳಿದೆ. ಲೆಝೀರಿಯಾದ ಮೇಯರ್‌ಗಳು ಪಕ್ಷಭೇದವಿಲ್ಲದೆ ಹೊಸ ಪ್ರದೇಶ ಬಯಸಿದ್ದರು. ಯೋಜನೆ ಮಾಡುವವರೂ ದುಡ್ಡು ಕೊಡುವವರೂ ಒಂದೇ ನಕ್ಷೆ ನೋಡಲಿ ಎಂಬುದು ಅವರ ವಾದ. ತಲಾ ಉತ್ಪನ್ನ ಶೇ 75ಕ್ಕಿಂತ ಕೆಳಗೇ ಇರುವುದರಿಂದ ವರ್ಗ ಕೈತಪ್ಪುವ ಭಯವೂ ಸದ್ಯಕ್ಕಿಲ್ಲ. ಅಲೆಂತೇಜು ಕಡೆಯಿಂದ ನೋಡಿದರೆ ಇದು ದೊಡ್ಡ ನಷ್ಟ. ಏಳು ಲಕ್ಷದಷ್ಟಿದ್ದ ಜನಸಂಖ್ಯೆ 4.7 ಲಕ್ಷಕ್ಕೆ ಇಳಿಯಿತು. ದೇಶದ ಮುಖ್ಯಭೂಮಿಯ ಮೂರನೇ ಒಂದು ಭಾಗದಷ್ಟು ನೆಲವನ್ನು ಅಷ್ಟೇ ಜನ ತುಂಬಿಸಬೇಕು. ಜತೆಗೆ ಅಲೆಂತೇಜು ಕರಾವಳಿಯ ಸೀನೆಸ್‌ನ ಬಂದರು, ತೈಲ ಶುದ್ಧೀಕರಣ ಘಟಕದ ಉತ್ಪನ್ನವನ್ನು ಕಡಿಮೆ ತಲೆಗಳಿಂದ ಭಾಗಿಸಿದರೆ ತಲಾ ಲೆಕ್ಕ ಮೇಲೇರುತ್ತದೆ. ಲೆಝೀರಿಯಾದವರು ಲಿಸ್ಬನ್ ಜತೆ ಇದ್ದಾಗ ಅನುಭವಿಸಿದ್ದನ್ನು ಮುಂದೆ ಅಲೆಂತೇಜುವಿನವರು ಅನುಭವಿಸಬಹುದು.

ಒಂದು ಬಸಿಗಾಲುವೆ, ನಾಲ್ಕು ಒಡೆಯರು

ಈಗ ನೀರಿಗೆ ಬರೋಣ. ಮಳೆಗಾಲ ಇಲ್ಲಿ ಚಳಿಗಾಲದಲ್ಲಿ. ಸ್ಪೇನ್‌ನಲ್ಲಿ ಸತತ ಮಳೆಯಾದರೆ ಮೊದಲು ತುಂಬುವುದು ಗಡಿಯಾಚೆಗಿನ ಅಲ್ಕಾಂತರ ಜಲಾಶಯ. ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ ಸುಮಾರು 112 ಟಿಎಂಸಿ. ಅದರ ಕೆಳಗೆ ಗಡಿಯಲ್ಲಿ ಸೆದಿಯೊ. ಪೋರ್ಚುಗಲ್‌ನೊಳಗೆ ಮುಖ್ಯ ನದಿಗೆ ಇರುವುದು ಫ್ರಾತೆಲ್ ಮತ್ತು ಬೆಲ್ವೆರ್ ಅಣೆಕಟ್ಟುಗಳು. ಫ್ರಾತೆಲ್‌ನದು ಮೂರು ಟಿಎಂಸಿ ಚಿಲ್ಲರೆ, ಬೆಲ್ವೆರ್‌ನದು ಅರ್ಧ ಟಿಎಂಸಿಗೂ ಕಡಿಮೆ. ಬಂದ ನೀರನ್ನು ವಿದ್ಯುತ್ತಿಗೆ ಬಳಸಿ ಮುಂದೆ ಬಿಡಬಹುದು, ಹಿಡಿದಿಡಲಾಗದು. ನಿಜವಾಗಿ ತಡೆಯಬಲ್ಲ ಜಲಾಶಯ ಉಪನದಿ ಝೇಝೆರೆಯ ಮೇಲಿನ ಕಸ್ತೆಲು ದು ಬೋದ್, 39 ಟಿಎಂಸಿ ಆಸುಪಾಸು. ತೇಜು ಉಕ್ಕಿದಾಗ ಅಲ್ಲಿ ಗೇಟು ಬಿಗಿಹಿಡಿದು, ನದಿ ಇಳಿದ ಮೇಲೆ ನೀರು ಬಿಡುತ್ತಾರೆ. ಅದಕ್ಕೆ ಮೊದಲೇ ಜಾಗ ಖಾಲಿ ಇಟ್ಟುಕೊಳ್ಳಬೇಕು. ಲಿಸ್ಬನ್‌ನ ಕುಡಿಯುವ ನೀರಿನ ಮುಖ್ಯ ಮೂಲವೂ ಅದೇ ಜಲಾಶಯ; ಖಾಲಿ ಇಡಿ ಎನ್ನುವವರಿಗೂ ತುಂಬಿಡಿ ಎನ್ನುವವರಿಗೂ ಪ್ರತಿ ಚಳಿಗಾಲ ಜಗ್ಗಾಟ.

ನೀರು ಬಯಲಿಗೆ ಏರಿದಾಗ ಮೊದಲು ಮುಚ್ಚುವುದು ತಗ್ಗಿನ ರಸ್ತೆಗಳು. ಸಂತರೆಂನ ರೆಗೆಂಗು ದು ಅಲ್ವಿಯೆಲ, ಕರ್ತಾಶುವಿನ ವಲಾದದಂಥ ಊರುಗಳು ನಡುಗಡ್ಡೆಯಾಗುತ್ತವೆ, ದೋಣಿಯಲ್ಲಿ ಓಡಾಟ. ಇಪ್ಪತ್ತನೇ ಶತಮಾನದ ಅತಿ ದೊಡ್ಡ ನೆರೆ 1979ರ ಫೆಬ್ರವರಿಯದು. ಅಲ್ಲಿನ ಹಳೆಯ ಮೀನುಗಾರರು ಕೇರಿಗಳನ್ನು ಕಟ್ಟಿದ್ದೇ ನೆರೆಯ ಲೆಕ್ಕ ಇಟ್ಟುಕೊಂಡು. ಎಸ್ಕರೊಪಿಂ, ಪಲ್ಯೊತ, ಕನೆಯ್ರಸ್‌ಗಳಲ್ಲಿ ಬಣ್ಣ ಬಳಿದ ಮರದ ಮನೆಗಳು ಕಂಬಗಳ ಮೇಲೆ ನಿಂತಿವೆ. ಕಡಲಂಚಿನ ವಿಯೆಯ್ರದಿಂದ ಚಳಿಗಾಲದ ಮೀನಿಗಾಗಿ ಬಂದು ನೆಲೆಸಿದವರು ಅವರು.

ರೈತರಿಗೆ ನೆರೆ ಬರುವ ತಿಂಗಳೇ ಮುಖ್ಯ. ಜನವರಿಯಲ್ಲಿ ಬಂದರೆ ಹೊಲ ಖಾಲಿ; ನೀರು ಗೋಡು ಹಾಸಿ, ಮಣ್ಣಿನ ಉಪ್ಪು ತೊಳೆದು ಹೋಗುತ್ತದೆ. ಟೊಮೆಟೊ ಸಸಿ ನಾಟಿಯಾಗುವುದು ಏಪ್ರಿಲ್–ಮೇಯಲ್ಲಿ, ಭತ್ತದ ಬಿತ್ತನೆ ಮೇ ಹೊತ್ತಿಗೆ. ವಸಂತದಲ್ಲಿ ತಡವಾಗಿ ನೆರೆ ಬಂದರೆ ಉಳುಮೆ ಹಿಂದೆ ಬೀಳುತ್ತದೆ, ಕೊಯ್ಲು ಸೆಪ್ಟೆಂಬರ್ ದಾಟಿ ಮಳೆಗೆ ಸಿಗುತ್ತದೆ, ಕಾರ್ಖಾನೆಯ ಸರದಿ ತಪ್ಪುತ್ತದೆ.

ನೀರು ಏರುವುದಕ್ಕಿಂತ ಇಳಿಯುವುದು ಹೆಚ್ಚು ತೊಡಕು. ಒಡ್ಡಿನೊಳಗಿನ ನೀರು ಬಸಿಗಾಲುವೆಗಳಲ್ಲಿ ಹರಿದು ನದಿಯಂಚಿನ ತೂಬಿಗೆ ಬರುತ್ತದೆ. ಕೆಳಭಾಗದಲ್ಲಿ ಕಡಲಿನ ಉಬ್ಬರ ಒತ್ತುವುದರಿಂದ ಈ ತೂಬುಗಳಿಗೆ ತಾನೇ ಮುಚ್ಚಿ ತೆರೆಯುವ ಬಾಗಿಲು ಹಾಕಿರುತ್ತಾರೆ. ಇಳಿತದಲ್ಲಿ ಒಳಗಿನ ನೀರು ನೂಕಿ ಬಾಗಿಲು ತೆರೆಯುತ್ತದೆ. ಉಬ್ಬರದಲ್ಲಿ ಹೊರಗಿನ ನೀರು ನೂಕಿ ಮುಚ್ಚುತ್ತದೆ. ಒಂದು ಕೊಂಬೆ ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚದಿದ್ದರೆ ಉಪ್ಪುನೀರು ಒಳಗೆ. ಕಾಲುವೆಯಲ್ಲಿ ಹೂಳು ತುಂಬಿದ್ದರೆ, ಅಂತರಗಂಗೆ ಹೆಣೆದುಕೊಂಡಿದ್ದರೆ ಇಳಿತದ ಆರು ಗಂಟೆಯಲ್ಲಿ ಖಾಲಿಯಾಗಬೇಕಾದದ್ದು ಖಾಲಿಯಾಗುವುದಿಲ್ಲ. ಉಪನದಿ ಸೊರ್ರಾಯದಲ್ಲಿ ಅಂತರಗಂಗೆಯ ಕಾಟ ವರ್ಷವರ್ಷದ್ದು. ಒಡ್ಡಿಗೂ ಇಂಥದೇ ಶತ್ರುಗಳಿದ್ದಾರೆ: ಬಿಲ ತೋಡುವ ಕೆಂಪು ಸಿಗಡಿ, ಮೇಲ್ಮಟ್ಟದ ಬೇರಿನ ದೈತ್ಯ ಜೊಂಡು (ಉರುಳುವಾಗ ದಡದ ಮಣ್ಣನ್ನೂ ಕಿತ್ತುಕೊಂಡೇ ಹೋಗುತ್ತದೆ). ನೆರೆ ಬೇಗ ಇಳಿದರೆ ಇನ್ನೊಂದು ಅಪಾಯ. ನೀರು ಕುಡಿದು ಭಾರವಾದ ಒಡ್ಡಿಗೆ ಹೊರಗಿನ ಆಸರೆ ತಟ್ಟನೆ ತಪ್ಪಿ ಅದು ನದಿಯ ಕಡೆಗೇ ಜಾರುತ್ತದೆ. ನೆರೆ ಹೋಯಿತೆಂದು ನಿಟ್ಟುಸಿರು ಬಿಟ್ಟ ವಾರದಲ್ಲೇ ಒಡ್ಡು ಕುಸಿಯುವುದು ಇದರಿಂದ.

ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು? 2005ರ ಜಲ ಕಾನೂನು ಸ್ಪಷ್ಟವಾಗಿದೆ. ಹಳ್ಳ-ಕಾಲುವೆ ಊರಿನ ನಡುವೆ ಹರಿದರೆ ಸ್ವಚ್ಛ ಮಾಡುವ ಹೊಣೆ ಪುರಸಭೆಯದು. ಊರ ಹೊರಗೆ ಖಾಸಗಿ ಜಮೀನಿನ ಅಂಚಿನಲ್ಲಿದ್ದರೆ ಜಮೀನಿನ ಒಡೆಯರದು. ಉಳಿದದ್ದು ಪರಿಸರ ಸಂಸ್ಥೆ ಎಪಿಎಯದು. ಸರ್ಕಾರಿ ನೀರಾವರಿ ಅಚ್ಚುಕಟ್ಟಿನೊಳಗಾದರೆ ಬಳಕೆದಾರ ರೈತರ ಸಂಘ ಬರುತ್ತದೆ. ಕಾಗದದ ಮೇಲೆ ಎಲ್ಲ ಸಲೀಸು. ಆದರೆ ಎರಡು ಕಿಲೋಮೀಟರ್ ಉದ್ದದ ಒಂದೇ ಕಾಲುವೆ ಈ ನಾಲ್ವರ ಕೈ ದಾಟುತ್ತದೆ. ಮೇಲಿನ ಮೂವರು ಹೂಳೆತ್ತಿ ಕೊನೆಯ ಇನ್ನೂರು ಮೀಟರಿನ ಒಡೆಯ ಊರಲ್ಲೇ ಇಲ್ಲದಿದ್ದರೆ ಮೂವರ ಖರ್ಚೂ ನೀರುಪಾಲು. ಪುರಸಭೆ ತನ್ನ ಯಂತ್ರ ಕಳಿಸಬಹುದು, ಕಳಿಸುವುದೂ ಉಂಟು. ತನ್ನದಲ್ಲದ ಕೆಲಸಕ್ಕೆ ಹಾಕಿದ ಡೀಸೆಲ್ ದುಡ್ಡಿಗೆ ಲೆಕ್ಕ ಕೊಡುವಾಗ ಮಾತ್ರ ಉತ್ತರ ಕಷ್ಟ. ಯುರೋಪ್ ನಿಧಿಯಲ್ಲಿ ಹೊಸ ಒಡ್ಡು ಕಟ್ಟಲು ದುಡ್ಡು ಸಿಗುತ್ತದೆ, ವರ್ಷವರ್ಷ ಹುಲ್ಲು ಸವರಲು ಸಿಗುವುದಿಲ್ಲ. ಬಯಲಿಗೆ ಹೆಚ್ಚು ಬೇಕಾಗಿರುವುದು ಎರಡನೆಯದೇ.

ಒಂದು ಸುಧಾರಣೆ ಆಗಿದೆ. 2023ರಿಂದ ನಾಗರಿಕ ರಕ್ಷಣೆಯ ಜಿಲ್ಲಾ ಕಮಾಂಡ್‌ಗಳ ಬದಲಿಗೆ ಉಪಪ್ರದೇಶಗಳ ಕಮಾಂಡ್‌ಗಳು ಬಂದವು. ಹಾಗಾಗಿ ನೆರೆಯ ರಾತ್ರಿ ಅಝಂಬೂಜವೂ ಅಲ್ಮೆಯ್ರಿಂ ಕೂಡ ಈಗ ಒಂದೇ ಕಚೇರಿಯ ಮಾತು ಕೇಳುತ್ತವೆ.

ಬೇಸಿಗೆಯ ನೀರು ಸ್ಪೇನ್‌ನ ಕೈಯಲ್ಲಿ

1998ರ ಆಲ್ಬುಫೆಯ್ರ ಒಪ್ಪಂದ, ಅದರ 2008ರ ತಿದ್ದುಪಡಿ ಪ್ರಕಾರ ಸ್ಪೇನ್ ಸೆದಿಯೊದಿಂದ ವರ್ಷಕ್ಕೆ 270 ಕೋಟಿ ಘನ ಮೀಟರ್, ಅಂದರೆ ಸುಮಾರು 95 ಟಿಎಂಸಿ ಬಿಡಬೇಕು. ಮಳೆ ತೀರಾ ಕಡಿಮೆಯಾದ ವರ್ಷಕ್ಕೆ ವಿನಾಯಿತಿ ಇದೆ. ಮೂರು ತಿಂಗಳಿಗೊಮ್ಮೆ ಇಷ್ಟಾದರೂ ಬರಬೇಕೆಂಬ ನಿಯಮವೂ ಇದೆ. ಆ ನಾಲ್ಕು ಕಂತು ಕೂಡಿದರೆ 99.5 ಕೋಟಿ ಘನ ಮೀಟರ್, ಸುಮಾರು 35 ಟಿಎಂಸಿ. ಉಳಿದ 60 ಟಿಎಂಸಿಯನ್ನು ಯಾವಾಗ ಬಿಡಬೇಕು ಎಂಬುದು ಸ್ಪೇನ್‌ಗೆ, ಬಹುಮಟ್ಟಿಗೆ ಅಲ್ಲಿನ ವಿದ್ಯುತ್ ಉತ್ಪಾದನೆಗೆ, ಬಿಟ್ಟ ವಿಷಯ. ವಾರದ ಕನಿಷ್ಠ 70 ಲಕ್ಷ ಘನ ಮೀಟರ್. ಕ್ಯೂಸೆಕ್‌ನಲ್ಲಿ ಸರಾಸರಿ 400ರ ಆಸುಪಾಸು. ಅಷ್ಟು ದೊಡ್ಡ ನದಿಗೆ ಇದು ತೊಟ್ಟಿಕ್ಕಿದ ಹಾಗೆ.

2019ರ ಸೆಪ್ಟೆಂಬರ್‌ನಲ್ಲಿ ಇದರ ಪರಿಣಾಮ ಕಣ್ಣಿಗೆ ಕಂಡಿತು. ಜಲವರ್ಷ ಮುಗಿಯುವುದು ಆ ತಿಂಗಳ ಕೊನೆಗೆ. ಬಾಕಿ ತೀರಿಸಲು ಸ್ಪೇನ್ ಸೆದಿಯೊವನ್ನು ಬರಿದುಮಾಡಿತು. ಅದಕ್ಕೆ ಸೇರುವ ಪೊನ್ಸುಲ್ ನದಿಯಲ್ಲಿ ಕೆಸರು ಮಾತ್ರ ಉಳಿಯಿತು. ಒಪ್ಪಂದ ಮುರಿದಿರಲಿಲ್ಲ. ವರ್ಷದ ಲೆಕ್ಕ ಸರಿಹೋಯಿತು, ನದಿ ಸರಿಹೋಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ದಿನದ ಹರಿವಿನ ವ್ಯವಸ್ಥೆಗೆ ಒಪ್ಪಿದ್ದು ಈ ದೋಷಕ್ಕೇ ಮದ್ದು.

ಹರಿವು ತಗ್ಗಿದರೆ ಅಳಿವೆಯಿಂದ ಉಪ್ಪುನೀರು ಮೇಲೇರುತ್ತದೆ. ಉಪ್ಪುನೀರು ಭಾರ; ಸಿಹಿನೀರಿನ ಅಡಿಯಲ್ಲಿ ಬೆಣೆಯಂತೆ ನುಗ್ಗುತ್ತದೆ. ದೊಡ್ಡ ಲೆಝೀರಿಯಾಕ್ಕೆ ನೀರೆತ್ತುವ ಕೊನ್ಶೋಸು ಕೇಂದ್ರದಲ್ಲಿ ಬರಗಾಲದ ವರ್ಷ ಉಪ್ಪಿನ ಅಳತೆ ನೋಡಿಯೇ ಪಂಪು ಹಾಕಬೇಕು. ಭತ್ತಕ್ಕೆ ಹೆಚ್ಚು ಉಪ್ಪು ಆಗದು. ಟೊಮೆಟೊ ಸ್ವಲ್ಪ ತಡೆಯುತ್ತದೆ. ಒಡ್ಡು ಒಡೆದರಂತೂ ಕೇಳುವುದೇ ಬೇಡ. 2016ರಲ್ಲಿ ಅಳಿವೆಯ ಮೋಶೌಂ ದ ಪೊವ ನಡುಗಡ್ಡೆಯ ಒಡ್ಡು ಬಿರಿದು ಕಡಲ ನೀರು ಹೊಲಗಳಿಗೆ ನುಗ್ಗಿತು. ದುರಸ್ತಿ ಯಾರು ಮಾಡಬೇಕು, ಯಾರ ದುಡ್ಡಲ್ಲಿ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು.

ಪರಿಹಾರದ ಬಗ್ಗೆ ಎರಡು ಬಣ. ‘ಪ್ರೊಜೆತು ತೇಜು’ ಎಂಬ ಪ್ರಸ್ತಾಪದ ಹಿಂದಿರುವ ಕೃಷಿ ವಲಯದವರು ನದಿಗೆ ಅಡ್ಡಲಾಗಿ ಸಾಲು ತಗ್ಗಿನ ಅಡ್ಡಗಟ್ಟೆ ಕಟ್ಟಿ, ಮೂರು ಲಕ್ಷ ಹೆಕ್ಟೇರ್‌ವರೆಗೆ ನೀರುಣಿಸಬಹುದು ಎನ್ನುತ್ತಾರೆ. ಅಂತರ್ಜಲದ ಮೇಲಿನ ಹೊರೆ ಇಳಿಯುತ್ತದೆ, ಉಪ್ಪು ಹಿಂದೆ ಸರಿಯುತ್ತದೆ ಎಂಬ ವಾದ. ‘ಪ್ರೊತೇಜು’ ಚಳವಳಿಯವರು ಇದಕ್ಕೆ ವಿರುದ್ಧ. ಅಡ್ಡಗಟ್ಟೆ ಕಟ್ಟಿದರೆ ಕಡಲಿನಿಂದ ಮೇಲೇರುವ ಮೀನಿನ ದಾರಿ ಮುಚ್ಚುತ್ತದೆ, ಮರಳು ಕೆಳಗೆ ಬರುವುದಿಲ್ಲ, ನಿಂತ ನೀರು ಕೊಳೆಯುತ್ತದೆ. ಮೊದಲು ಸ್ಪೇನ್‌ನಿಂದ ನದಿಗೆ ಬೇಕಾದ ಹರಿವು ಪಡೆಯಿರಿ ಎನ್ನುತ್ತಾರೆ. ಸರ್ಕಾರ 2025ರ ಮಾರ್ಚ್‌ನಲ್ಲಿ ಮಂಡಿಸಿದ ‘ಆಗ್ವ ಕೆ ಊನೆ’ ಕಾರ್ಯತಂತ್ರ ಒಕ್ರೆಝ ಉಪನದಿಗೆ ಅಣೆಕಟ್ಟಿನ ಮಾತೆತ್ತಿದೆ. ಉಪನದಿಯಲ್ಲಿ ನೀರು ಕೂಡಿಟ್ಟು ಬೇಸಿಗೆಯಲ್ಲಿ ಮುಖ್ಯ ನದಿಗೆ ಬಿಡುವುದು ಎರಡು ವಾದಗಳ ನಡುವಿನ ದಾರಿ. ಮೀನಿಗೆ ಕಡಿಮೆ ತೊಂದರೆ. ಆದರೆ ಕಟ್ಟಿ ಮುಗಿಸಲು ವರ್ಷಗಳೇ ಬೇಕು, ಮುಳುಗುವ ಕಣಿವೆಯೂ ಒಂದಿದೆ.

ವಿಮಾನ ನಿಲ್ದಾಣ ಬಂದರೆ

ನಿಲ್ದಾಣಕ್ಕೆ ಆರಿಸಿದ ಸೇನೆಯ ಅಭ್ಯಾಸ ಮೈದಾನ ನೆರೆಬಯಲಲ್ಲ. ಅದಕ್ಕಿಂತ ಎತ್ತರದ ಮರಳು ನೆಲ, ಓಕ್ ಮರಗಳು. ಅಡಿಯಲ್ಲಿ ತೇಜು ಎಡದಂಡೆಯ ವಿಶಾಲ ಅಂತರ್ಜಲ ಪದರ. ಏಳು ಪುರಸಭೆಗಳು ಕೂಡಿ ನಡೆಸುವ ‘ಆಗ್ವಸ್ ದು ರಿಬತೇಜು’ ಸಂಸ್ಥೆ ಬೆನವೆಂತಕ್ಕೂ ನೀರು ಕೊಡುವುದು ಹೆಚ್ಚಾಗಿ ಕೊಳವೆಬಾವಿಗಳಿಂದ. (ಅದರ ಏಳನೇ ಸದಸ್ಯ ತೊರ್ರೆಸ್ ನೊವಸ್ ಲೆಝೀರಿಯಾದ್ದೇ ಅಲ್ಲ. ಇನ್ನೊಂದು ನಕ್ಷೆ!) ಮಳೆ ಇಂಗುವ ಮರಳಿನ ಮೇಲೆ ಕಾಂಕ್ರೀಟ್ ಹಾಸಿದರೆ ಎರಡು ಪರಿಣಾಮ: ಕೆಳಗೆ ಇಂಗುವುದು ಕಡಿಮೆ, ಮೇಲೆ ಹರಿದು ತಗ್ಗಿನ ಕಾಲುವೆಗಳಿಗೆ ಸೇರುವುದು ಹೆಚ್ಚು. 1909ರ ಏಪ್ರಿಲ್ 23ರ ಭೂಕಂಪದಲ್ಲಿ ಬೆನವೆಂತ ಪಟ್ಟಣವೇ ನೆಲಕಚ್ಚಿತ್ತು. ಮೆಕ್ಕಲು ಮಣ್ಣು ಕಂಪನವನ್ನು ಹೆಚ್ಚಿಸುತ್ತದೆ. ನಿಲ್ದಾಣಕ್ಕೆ ಹೋಗುವ ರೈಲು-ರಸ್ತೆ ಸೇತುವೆಗಳ ಅಡಿಪಾಯ ಬೀಳುವುದು ಬಯಲಿನ ಅಂಥ ಮಣ್ಣಲ್ಲೇ.

ಪುರಸಭೆಗಳ ಮಾತಿಗೆ ಎಷ್ಟು ಬೆಲೆ ಎಂಬುದಕ್ಕೆ ಹಿಂದಿನ ಉದಾಹರಣೆ ಇದೆ. ಮೊಂತಿಜುವಿನಲ್ಲಿ ಪೂರಕ ನಿಲ್ದಾಣ ಕಟ್ಟುವ ಅರ್ಜಿಯನ್ನು 2021ರ ಮಾರ್ಚ್‌ನಲ್ಲಿ ನಾಗರಿಕ ವಿಮಾನಯಾನ ಪ್ರಾಧಿಕಾರ ಪರಿಶೀಲಿಸದೆಯೇ ತಿರಸ್ಕರಿಸಿತು. ಬಾಧಿತ ಪುರಸಭೆಗಳೆಲ್ಲ ಒಪ್ಪಬೇಕೆಂದು ಕಾನೂನು ಹೇಳುತ್ತಿತ್ತು. ಮೊಯ್ತ ಮತ್ತು ಸೆಯ್ಶಲ್ ಒಪ್ಪಿರಲಿಲ್ಲ. ಆಮೇಲೆ ಸ್ವತಂತ್ರ ತಾಂತ್ರಿಕ ಆಯೋಗ ಪರ್ಯಾಯಗಳನ್ನು ತೂಗಿತು. ಸಂತರೆಂನಲ್ಲಿ ನಿಲ್ದಾಣ ಕಟ್ಟುವ ಖಾಸಗಿ ಪ್ರಸ್ತಾಪವೂ ಪಟ್ಟಿಯಲ್ಲಿತ್ತು. ಸೇನೆಯ ವಾಯುಮಾರ್ಗದ ತೊಡಕಿನಿಂದ ಅದು ಹಿಂದೆ ಬಿತ್ತು. ಲೆಝೀರಿಯಾದ ಒಂದು ತುದಿ ಸೋತು ಇನ್ನೊಂದು ತುದಿ ಗೆದ್ದಿತು ಎನ್ನಬಹುದು, ಬೆನವೆಂತ ಅದನ್ನು ಗೆಲುವೆಂದು ಒಪ್ಪಿದರೆ. ಮನೆ ಬಾಡಿಗೆ, ಶಾಲೆ, ಒಳಚರಂಡಿಯ ಹೊರೆ ಬೀಳುವುದು ಆ ಪುರಸಭೆಯ ಮೇಲೆ. ನಿಲ್ದಾಣದ ಹೆಸರಲ್ಲಿ ಎಲ್ಲರೂ ಉಚ್ಚರಿಸುವುದು ಪಕ್ಕದ ಪುರಸಭೆಯನ್ನು.

ಹೆಚ್ಚು ಚರ್ಚೆಯಾಗದ ಸಂಗತಿ ಹಣದ ನಕ್ಷೆಗೆ ಸಂಬಂಧಿಸಿದ್ದು. ಪ್ರಾದೇಶಿಕ ಲೆಕ್ಕದಲ್ಲಿ ಉತ್ಪನ್ನವನ್ನು ಚಟುವಟಿಕೆ ನಡೆಯುವ ಜಾಗಕ್ಕೆ ಬರೆಯುತ್ತಾರೆ, ದುಡಿಯುವವರು ಮಲಗುವ ಜಾಗಕ್ಕಲ್ಲ. ನಿಲ್ದಾಣ ಓಡತೊಡಗಿದಾಗ ವಿಮಾನ ಕಂಪನಿ, ಸರಕು, ಅಂಗಡಿಗಳ ಮೌಲ್ಯದ ದೊಡ್ಡ ಪಾಲು ಬೆನವೆಂತದ ಹೆಸರಿನಲ್ಲಿ, ಅಂದರೆ ‘ಓಯೆಸ್ತ್ ಮತ್ತು ತೇಜು ಕಣಿವೆ’ಯ ಖಾತೆಗೆ ಬರುತ್ತದೆ. ನೌಕರರಲ್ಲಿ ಎಷ್ಟೋ ಮಂದಿ ಸೆತೂಬಲ್ ಕಡೆಯಿಂದಲೋ ಲಿಸ್ಬನ್‌ನಿಂದಲೋ ಬಂದುಹೋಗುವವರು. ಭಾಗಿಸುವ ಸಂಖ್ಯೆ ಮಾತ್ರ ಅದೇ ಎಂಟು ಲಕ್ಷ ಚಿಲ್ಲರೆ. ತಲಾ ಲೆಕ್ಕ ಶೇ 75ರ ಗೆರೆಯತ್ತ ಜಿಗಿದರೆ, ನೂರು ಕಿಲೋಮೀಟರ್ ದೂರದ ಓಯೆಸ್ತ್‌ನ ಸೇಬು-ಪೇರು ಬೆಳೆಗಾರರ ಪುರಸಭೆಗೂ ನೆರವಿನ ಪ್ರಮಾಣ ಇಳಿಯುತ್ತದೆ. 2002ರಲ್ಲಿ ಯಾವ ಕಾರಣಕ್ಕೆ ಲಿಸ್ಬನ್ ಸಹವಾಸ ಬಿಟ್ಟರೋ ಅದೇ ಕಾರಣ ಈ ಬಾರಿ ಒಳಗಿನಿಂದಲೇ ಬರಬಹುದು. ಆಗ ಗೆರೆಯನ್ನು ಮತ್ತೆ ಎಳೆಯಿರಿ ಎಂಬ ಒತ್ತಡ ಏಳದೇ ಇರದು.

2027ರ ನಂತರ

ಹೊಸ ಪ್ರದೇಶ ತನ್ನದೇ ನಿಧಿ ನೋಡಬೇಕಾದದ್ದು 2028ರಿಂದ ಶುರುವಾಗುವ ಅವಧಿಯಲ್ಲಿ. ಯುರೋಪಿಯನ್ ಆಯೋಗ 2025ರ ಜುಲೈನಲ್ಲಿ ಮಂಡಿಸಿದ 2028–34ರ ಬಜೆಟ್ ಪ್ರಸ್ತಾಪ ಪ್ರಾದೇಶಿಕ ಕಾರ್ಯಕ್ರಮ, ಕೃಷಿ ನೆರವನ್ನೆಲ್ಲ ಪ್ರತಿ ದೇಶಕ್ಕೆ ಒಂದೇ ಯೋಜನೆಯಲ್ಲಿ ಸೇರಿಸುವ ಮಾತಾಡುತ್ತದೆ. ಅದು ಹಾಗೇ ಜಾರಿಯಾದರೆ ಪ್ರದೇಶವಾರು ಪಾಲು ನಿರ್ಧರಿಸುವಲ್ಲಿ ಬ್ರಸೆಲ್ಸ್‌ಗಿಂತ ಲಿಸ್ಬನ್ ಕೈ ಮೇಲಾಗುತ್ತದೆ. ಎರಡು ದಶಕ ಕಾದು ಪಡೆದ ಪ್ರದೇಶದ ಸ್ಥಾನಕ್ಕೆ ಆಗ ಬೆಲೆ ಎಷ್ಟು ಎಂಬುದು ಮೇಯರ್‌ಗಳ ಆತಂಕ. ಪ್ರದೇಶಗಳ ಪ್ರತಿನಿಧಿಗಳು, ರೈತ ಸಂಘಟನೆಗಳು ಯುರೋಪಿನಾದ್ಯಂತ ಇದನ್ನು ವಿರೋಧಿಸುತ್ತಿರುವುದೂ ಇದೇ ಕಾರಣಕ್ಕೆ.

ಹಳೆಯ ಲೆಕ್ಕವೂ 2027ಕ್ಕೆ ಮುಗಿಯುವುದಿಲ್ಲ. ಈಗಿನ ಅವಧಿಯ ಖರ್ಚನ್ನು 2029ರ ಡಿಸೆಂಬರ್ 31ರವರೆಗೆ ತೋರಿಸಬಹುದು. ಹಾಗಾಗಿ ಎರಡು ವರ್ಷ ಲೆಝೀರಿಯಾದ ಪುರಸಭೆ ನೌಕರರು ಹಳೆಯ ಕಾಮಗಾರಿಯ ಬಿಲ್ಲು ಎವೊರಕ್ಕೆ ಕಳಿಸುತ್ತ, ಹೊಸದರ ಅರ್ಜಿಯನ್ನು ಹೊಸ ಪ್ರದೇಶಕ್ಕೆ ಬರೆಯುತ್ತಾರೆ. ತೂಬಿನ ಬಾಗಿಲಿಗೆ ಸಿಕ್ಕಿಕೊಂಡ ಕೊಂಬೆ ತೆಗೆಸಲು ದೂರು ಕೊಡಬೇಕಾದದ್ದು ಈ ಎರಡೂ ಕಚೇರಿಗಲ್ಲ, ಎಪಿಎಗೆ.